ಖಾಲಿ ಸ್ಟೇಡಿಯಂನಲ್ಲಿ ಜನರ ಗಲಾಟೆ

ನ್ಯೂಜೆರ್ಸಿಯ ಓದುಗರೊಬ್ಬರು ಬರೆದಿದ್ದಾರೆ: ‘2020ರ ಜುಲೈ 23. ಬೇಸ್‌ಬಾಲ್ ಸೀಸನ್ನಿನ ಮೊದಲ ದಿನ. ನಾಲ್ಕು ತಿಂಗಳಿಂದ ಮನೆಯಲ್ಲಿ ಒಬ್ಬನೇ ಇದ್ದೆ. ಸ್ಟೇಡಿಯಂ ಖಾಲಿ, ಟಿ.ವಿ.ಯಲ್ಲಿ ಮಾತ್ರ ಜನರ ಗಲಾಟೆ. ಸುಳ್ಳು ಅಂತ ಗೊತ್ತಿದ್ದೂ ಸಮಾಧಾನವಾಯಿತು. ತಪ್ಪಾ?’

ತಪ್ಪೇನಿಲ್ಲ. ಒಂಟಿ ಮನೆಯಲ್ಲಿ ಕುಕ್ಕರ್ ಕೂಗಿದರೂ ಯಾರೋ ಇದ್ದ ಹಾಗೆ ಅನಿಸುತ್ತದೆ. ಆದರೆ ನನ್ನ ತಕರಾರು ಕೇಳಿ.

ಕೊರೊನಾ ಬರದಿದ್ದರೆ ಮಾರ್ಚ್ 26ಕ್ಕೇ ಶುರುವಾಗಬೇಕಿದ್ದ ಸೀಸನ್ ಅದು. ಒಂದೊಂದು ತಂಡಕ್ಕೆ 162 ಪಂದ್ಯ ಇರಬೇಕಿದ್ದದ್ದು 60ಕ್ಕೆ ಇಳಿದಿತ್ತು. ಹಿಂದಿನ ವರ್ಷ ಚಾಂಪಿಯನ್ ಆಗಿದ್ದ ವಾಷಿಂಗ್ಟನ್ ತಂಡ ತನ್ನೂರಲ್ಲೇ ಆಡುತ್ತಿದೆ, ನೋಡಲು ಜನರಿಲ್ಲ. ಆಟಕ್ಕೆ ಮುಂಚೆ ಶಾಸ್ತ್ರಕ್ಕೆ ಮೊದಲ ಚೆಂಡು ಎಸೆದವರು ಅಮೆರಿಕದ ಸೋಂಕುರೋಗ ತಜ್ಞ ಡಾಕ್ಟರ್ ಆಂಥನಿ ಫೌಚಿ. ಮಾಸ್ಕ್ ಹಾಕಿಕೊಂಡು ಎಸೆದರು, ಚೆಂಡು ಎತ್ತಲೋ ಹೋಯಿತು. ಬೇರೆ ವರ್ಷವಾಗಿದ್ದರೆ ಸ್ಟೇಡಿಯಂಗೆ ಸ್ಟೇಡಿಯಮ್ಮೇ ನಗುತ್ತಿತ್ತು, ಅಲ್ವಾ? ಆರನೇ ಇನ್ನಿಂಗ್ಸ್‌ನಲ್ಲಿ ಗುಡುಗು ಮಳೆ ಬಂದು ಆಟ ಅಲ್ಲಿಗೇ ಮುಗಿಯಿತು. ಎದುರಾಳಿ ನ್ಯೂಯಾರ್ಕ್ ಯಾಂಕೀಸ್ 4–1ರಿಂದ ಗೆದ್ದರು.

ಆ ಸೀಸನ್ನಿನಲ್ಲಿ ಬೇಸ್‌ಬಾಲ್‌ನವರು ಏನು ಮಾಡಿದರು ಗೊತ್ತಲ್ಲ? ವಿಡಿಯೊ ಗೇಮ್‌ಗೆಂದು ಕೂಡಿಟ್ಟಿದ್ದ ಜನರ ಸದ್ದನ್ನು ತಂದು ಸ್ಪೀಕರಿನಲ್ಲಿ ಬಿಟ್ಟರು. ಎಷ್ಟೋ ಕಡೆ ಸೀಟುಗಳಲ್ಲಿ ರಟ್ಟಿನ ಜನ. ತೈವಾನ್‌ನಲ್ಲಂತೂ ಏಪ್ರಿಲ್‌ನಲ್ಲೇ ರೋಬೋಟ್‌ಗಳಿಂದ ಡೋಲು ಹೊಡೆಸಿದ್ದರು! ಬ್ಯಾಟಿನ ಏಟು, ಕ್ಯಾಚರ್‌ನ ಗ್ಲೌಸಿಗೆ ಚೆಂಡು ಬಡಿಯುವ ಸದ್ದು, ಆಟಗಾರರ ಬೈಗುಳ, ಇವನ್ನೆಲ್ಲ ಕಿವಿ ತುಂಬ ಕೇಳಲು ಅಂಥ ಅವಕಾಶ ಮತ್ತೆಲ್ಲಿ ಸಿಗಬೇಕು? ಅದರ ಮೇಲೆ ಗಲಾಟೆ ಸುರಿದುಬಿಟ್ಟರು.

ಹಿಂದೊಮ್ಮೆ ಚಿನ್ನಸ್ವಾಮಿಯಲ್ಲಿ ರಣಜಿ ಪಂದ್ಯಕ್ಕೆ ಹೋಗಿದ್ದೆ. ಇದ್ದವರು ನೂರು ಜನ ಇರಬಹುದು. ಪಕ್ಕದವರು ಕಡಲೆಕಾಯಿ ಸಿಪ್ಪೆ ಮುರಿಯುವುದೂ ಕೇಳುತ್ತಿತ್ತು. ಕೀಪರ್ ಸ್ಪಿನ್ನರ್‌ಗೆ, ‘ಸ್ವಲ್ಪ ಮೇಲೆ ಬಿಡು ಮಗಾ, ಮುಂದೆ ಬರ್ತಾನೆ’ ಅಂದ. ಎರಡೇ ಚೆಂಡು, ಸ್ಟಂಪ್! ಆ ಮಾತು ಕೇಳಿಸಿದ್ದಕ್ಕೆ ಆ ವಿಕೆಟ್ ಇವತ್ತಿಗೂ ನನ್ನದೇ ಅನಿಸುತ್ತದೆ.

ಈಗ ಓವರ್ ಮುಗಿದರೆ ಡಿಜೆ, ಬೌಂಡರಿ ಹೋದರೆ ಡಿಜೆ. ಚಪ್ಪಾಳೆ ಯಾವಾಗ ಹೊಡೆಯಬೇಕು ಅಂತ ಸ್ಕ್ರೀನಿನಲ್ಲಿ ಬರೆದು ತೋರಿಸುತ್ತಾರೆ. ಮದುವೆಗೆ ಹೋದರೆ ಓಲಗದವರ ಮುಂದೂ ಮೈಕು. ಪಕ್ಕದಲ್ಲಿ ಕೂತ ಭಾವನ ಹತ್ತಿರ ‘ಊಟ ಆಯ್ತಾ’ ಅಂತ ಕೇಳಲು ಸನ್ನೆ ಮಾಡಬೇಕು.

ನೀವು ಆಟ ಬಲ್ಲವರು, ಅದಕ್ಕೇ ಇಷ್ಟು ಬೈದೆ. ಮುಂದಿನ ಸೀಸನ್ನಿನ ಮೊದಲ ದಿನ ಒಂದು ಇನ್ನಿಂಗ್ಸ್ ಟಿ.ವಿ. ಸದ್ದು ಪೂರ್ತಿ ನಿಲ್ಲಿಸಿ ಸುಮ್ನೆ ನೋಡಿ. ಹೇಗಿತ್ತು ಅಂತ ಬರೆಯಿರಿ.

– ಸಂ.