ಪದ್ಮಿನಿಯ ಬಂಪರ್: ಹೊಳಪು ನೋಡಿ ಕೊಳ್ಳಬೇಡಿ

ನಿಮ್ಮ 1978ರ ಪ್ರೀಮಿಯರ್ ಪದ್ಮಿನಿ ಕಾರಿಗೆ ಮುಂಬೈಯ ಕುರ್ಲಾದ ಅಂಗಡಿಯಲ್ಲಿ 'ಕಂಪನಿ ಮಾಲು' ಅಂತ ಹೊಸ ಬಂಪರ್ ತೋರಿಸಿದ್ದಾರೆ, ನಂಬಬಹುದಾ ಅಂತ ಕೇಳಿದ್ದೀರಿ. ಸುಮ್ನೆ ನಂಬಬೇಡಿ. ಪದ್ಮಿನಿ ತಯಾರಾಗುವುದು ನಿಂತು ಎರಡು ದಶಕ ದಾಟಿದೆ. ಈಗ ಹೊಸದಾಗಿ ಹೊಳೆಯುವ ಬಂಪರ್‌ಗಳಲ್ಲಿ ನಕಲೇ ಜಾಸ್ತಿ.

ಬಂಪರ್ ತಿರುಗಿಸಿ ಹಿಂಬದಿ ನೋಡಿ. ನಾನು ಮಾಟುಂಗಾದಲ್ಲಿ ನನ್ನ ಗಾಡಿಗೆ ತಂದದ್ದು ಮುಂದೆ ಕನ್ನಡಿಯಂತಿತ್ತು, ಹಿಂದೆ ಬರೀ ಬೆಳ್ಳಿ ಬಣ್ಣದ ಪೇಂಟ್. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬೋಲ್ಟ್ ತೂತಿನ ಸುತ್ತ ಕಂದು ಗುಳ್ಳೆ ಎದ್ದಿತು. ತುಂಬಾ ಬೇಜಾರಾಯಿತು. ತುಕ್ಕು ತಡೆಯುವುದು ಮುಖ್ಯವಾಗಿ ಕ್ರೋಮ್ ಹೊಳಪಿನ ಅಡಿಯಲ್ಲಿರುವ ನಿಕ್ಕಲ್ ಪದರ. ಮೇಲಿನ ಕ್ರೋಮ್ ತೀರಾ ತೆಳು. ನಿಕ್ಕಲ್‌ನಲ್ಲಿ ಉಳಿತಾಯ ಮಾಡಿದರೆ ಮುಂಬೈಯ ಉಪ್ಪುಗಾಳಿಗೆ ಅದು ಬಾಳುವುದಿಲ್ಲ.

ನಿಮ್ಮ ಹಳೆಯ ಬಂಪರ್ ಸೊಟ್ಟಗಾಗಿದ್ದರೂ ಎಸೆಯಬೇಡಿ, ಪ್ಲೀಸ್. ತಗಡು ಗಟ್ಟಿಯಿದ್ದರೆ ತಟ್ಟಿಸಿ, ಮತ್ತೆ ಪ್ಲೇಟಿಂಗ್ ಮಾಡಿಸಿ. ಅಳತೆ ಹೇಗೂ ಸರಿಯಾಗಿಯೇ ಇರುತ್ತದೆ, ಅಲ್ವಾ? ನಕಲಿ ಬಂಪರ್ ಕೂರಿಸಲು ನನ್ನ ಮೆಕ್ಯಾನಿಕ್ ತೂತುಗಳನ್ನು ಫೈಲ್‌ನಿಂದ ಉಜ್ಜಿ ಅಗಲ ಮಾಡಬೇಕಾಯಿತು.

ಬಾಗಿಲಿನ ರಬ್ಬರ್ ಹೊಸದೇ ಹಾಕಿ. ಮಡಚಿ ಬಿಟ್ಟಾಗ ಬಿರುಕು ಕಂಡರೆ ಬೇಡ.

ಬ್ರೇಕ್ ವಿಷಯದಲ್ಲಿ ಮಾತ್ರ ಹಳೆಯದರ ಮೋಹ ಬೇಡ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರುವ ಗಾಡಿ ಇದು. ಡಬ್ಬಿಯಲ್ಲೇ ಇದ್ದ ಅಸಲಿ ವೀಲ್ ಸಿಲಿಂಡರ್ (ಚಕ್ರದಲ್ಲಿ ಬ್ರೇಕ್ ಒತ್ತುವ ಭಾಗ) ಆದರೂ ಒಳಗೆ ಬ್ರೇಕ್ ಆಯಿಲ್ ಸೋರದಂತೆ ತಡೆಯುವ ರಬ್ಬರ್ ಕಪ್ ವರ್ಷಗಳಲ್ಲಿ ಗಟ್ಟಿಯಾಗಿರುತ್ತದೆ. ಹೊಸ ಕಪ್ ಹಾಕಿಸಿಯೇ ಗಾಡಿ ರಸ್ತೆಗಿಳಿಸಿ.