ಬಿಲ್ಲಿಗೆ ಸಾಮಾನು ಸೇರಿಸುವ ತಂತ್ರಾಂಶಕ್ಕೆ ಕೈಪಿಡಿ: ಹೊಳಲ್ಕೆರೆಯ ಅಣ್ಣನವರಿಗೆ ಉತ್ತರ

ನಮಸ್ಕಾರ ಅಣ್ಣ. ನಿಮ್ಮ ರೈತ ಉತ್ಪಾದಕ ಕಂಪನಿಯ ಮಳಿಗೆಗೆ ಹೊಸ ಬಿಲ್ಲಿಂಗ್ ತಂತ್ರಾಂಶ ಹಾಕಿಸಿದ್ದೀರಿ, ಸಾಮಾನು ಸೇರಿಸುವಾಗ ಕೌಂಟರಿನ ಹುಡುಗರು ಒಬ್ಬೊಬ್ಬರು ಒಂದೊಂದು ರೀತಿ ಮಾಡುತ್ತಿದ್ದಾರೆ, ಅವರಿಗೊಂದು ಕೈಪಿಡಿ ಬರೆಯುವುದು ಹೇಗೆ ಎಂದು ಕೇಳಿದ್ದೀರಿ. ದಾವಣಗೆರೆಯಲ್ಲಿ ಬೀಜ, ಗೊಬ್ಬರ, ಹನಿ ನೀರಾವರಿ ಸಾಮಾನಿನ ಅಂಗಡಿಗಳ ಲೆಕ್ಕ ನೋಡುವುದೇ ನನ್ನ ಕೆಲಸವಾದ್ದರಿಂದ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಯಾವ ಬಟನ್ ಒತ್ತಬೇಕು ಎಂಬುದನ್ನು ವಿವರಿಸುತ್ತಾ ಪುಟ ತುಂಬಿಸಬೇಡಿ. ಅದನ್ನು ಹುಡುಗರು ಒಂದೇ ದಿನದಲ್ಲಿ ಕಲಿಯುತ್ತಾರೆ. ಅವರ ಕೈ ತಡೆಯುವುದು ಬೇರೆ ಕಡೆ: ಪಟ್ಟಿಯಲ್ಲಿ ನಾಲ್ಕು ಪೈಪ್ ಇದ್ದರೆ ಯಾವುದನ್ನು ಆರಿಸಬೇಕು, ದರದ ಜಾಗದಲ್ಲಿ ಯಾವ ದರ ಹಾಕಬೇಕು, ಅಳತೆ ಸುರುಳಿಯೋ ಮೀಟರೋ. ಈ ತೀರ್ಮಾನಗಳನ್ನು ತಂತ್ರಾಂಶ ಮಾಡುವುದಿಲ್ಲ. ಕೈಪಿಡಿ ಹೇಳಬೇಕಾದದ್ದು ಇವನ್ನೇ.

ನಿಮ್ಮ ಅಂಗಡಿಯಲ್ಲಿ ದಿನವೂ ಆಗುವಂಥ ಒಂದು ಬಿಲ್ಲನ್ನು ಮುಂದಿಟ್ಟುಕೊಂಡು ಸಾಲು ಸಾಲಾಗಿ ಬರೆಯಿರಿ. ಅಡಿಕೆ ತೋಟದವರೊಬ್ಬರು ಡ್ರಿಪ್ ಲ್ಯಾಟರಲ್ (ಗಿಡಗಳ ಸಾಲಿನುದ್ದಕ್ಕೂ ಹಾಸುವ ಹನಿ ನೀರಾವರಿಯ ಸಣ್ಣ ಪೈಪ್), ಪಿವಿಸಿ ಪೈಪ್, ಮೆಕ್ಕೆಜೋಳದ ಬಿತ್ತನೆ ಬೀಜ, ಒಂದು ಬಾಟಲಿ ಕೀಟನಾಶಕ ಕೊಂಡರು ಎನ್ನಿ. ಎರಡು ಪೈಪುಗಳೂ ಒಂದೇ ಗೋಡೆಗೆ ಒರಗಿರುತ್ತವೆ. ಆದರೆ ಹನಿ ನೀರಾವರಿಯ ಲ್ಯಾಟರಲ್ ಎಚ್‌ಎಸ್‌ಎನ್ 8424ರ ಕೆಳಗೆ ಬರುತ್ತದೆ (ಎಚ್‌ಎಸ್‌ಎನ್ ಎಂದರೆ ತೆರಿಗೆಗಾಗಿ ಸರಕುಗಳನ್ನು ವಿಂಗಡಿಸುವ ಸಂಖ್ಯೆ). 2025ರ ಸೆಪ್ಟೆಂಬರ್ 22ರಿಂದ ಅದರ ಜಿಎಸ್‌ಟಿ ತೆರಿಗೆ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಡಿಯಾಗಿ ಮಾರುವ ಪಿವಿಸಿ ಪೈಪ್ 3917, ಅದಕ್ಕೆ ಶೇ 18. ಪಟ್ಟಿಯಲ್ಲಿ ಎರಡಕ್ಕೂ ಬರೀ ‘ಪೈಪ್’ ಎಂದು ಹೆಸರಿಟ್ಟರೆ ಹುಡುಗ ಮೊದಲು ಕಂಡದ್ದನ್ನು ಒತ್ತುತ್ತಾನೆ, ತಪ್ಪು ಅವನದಲ್ಲ. ‘ಲ್ಯಾಟರಲ್ 16 ಎಂಎಂ’, ‘ಪಿವಿಸಿ ಪೈಪ್ 63 ಎಂಎಂ’ ಎಂದು ಹೆಸರಿಡಿ. ಕೈಪಿಡಿಯಲ್ಲಿ ಎರಡನ್ನೂ ಒಂದೇ ಪುಟದಲ್ಲಿ ಅಕ್ಕಪಕ್ಕ ತೋರಿಸಿ.

ದರದ ಜಾಗಕ್ಕೆ ಒಂದು ಇಡೀ ಪುಟ ಕೊಡಿ. ನನ್ನ ಕೈಗೆ ಬರುವ ಗೊಂದಲದ ಬಿಲ್ಲುಗಳಲ್ಲಿ ಬಹುಪಾಲು ಅಲ್ಲಿಂದಲೇ ಹುಟ್ಟುತ್ತವೆ. ಕೀಟನಾಶಕದ ಬಾಟಲಿಯ ಎಂಆರ್‌ಪಿ 590 ರೂಪಾಯಿ ಇದ್ದರೆ ತೆರಿಗೆ ಅದರೊಳಗೇ ಇದೆ: 500 ಮೂಲ ಬೆಲೆ, ಅದರ ಮೇಲೆ ಶೇ 18ರಂತೆ 90 ತೆರಿಗೆ. ತಂತ್ರಾಂಶದಲ್ಲಿ ‘ತೆರಿಗೆ ಸೇರಿದ ದರ’ ಎಂಬ ಗುರುತು ಹಾಕದೆ 590 ಎಂದು ಬರೆದರೆ ಅದರ ಮೇಲೆ ಮತ್ತೆ ಶೇ 18 ಕೂಡಿ 696 ರೂಪಾಯಿ 20 ಪೈಸೆ ಆಗುತ್ತದೆ. ಎಂಆರ್‌ಪಿಗಿಂತ ಹೆಚ್ಚು ತೆಗೆದುಕೊಳ್ಳುವುದು ರೈತನಿಗೆ ಅನ್ಯಾಯ, ಕಾನೂನಿಗೂ ವಿರುದ್ಧ. ಈ ಲೆಕ್ಕವನ್ನು ಅಂಕಿಗಳ ಸಮೇತ ಕೈಪಿಡಿಯಲ್ಲಿ ಹಾಕಿ, ಸರಿಯಾದ ಪರದೆಯ ಚಿತ್ರವನ್ನೂ ತಪ್ಪಾದ ಪರದೆಯ ಚಿತ್ರವನ್ನೂ ಜೊತೆಗಿಡಿ.

ರಿಯಾಯಿತಿಯದೂ ಹೀಗೆಯೇ. 6000 ರೂಪಾಯಿಯ ಲ್ಯಾಟರಲ್‌ಗೆ ಶೇ 10 ಬಿಟ್ಟರೆ 5400, ಅದಕ್ಕೆ ಶೇ 5 ತೆರಿಗೆ 270, ಒಟ್ಟು 5670. ರಿಯಾಯಿತಿಯನ್ನು ಸಾಲಿನಲ್ಲಿ ಹಾಕದೆ ಕೊನೆಯ ಮೊತ್ತದಲ್ಲಿ ಕಳೆದರೂ 5670 ಬರುತ್ತದೆ, ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಆದರೆ ತೆರಿಗೆ 300 ಎಂದು ನಿಂತಿರುತ್ತದೆ. ಆ 30 ರೂಪಾಯಿ ಕಂಪನಿಯ ಕೈಯಿಂದ ಹೋಗುತ್ತದೆ. ರಿಯಾಯಿತಿ ಯಾವಾಗಲೂ ಆಯಾ ಸಾಲಿನಲ್ಲೇ ಬರಲಿ.

ಅಳತೆಯ ಬಗ್ಗೆ ಒಂದು ಮಾತು. 400 ಮೀಟರಿನ ಸುರುಳಿಯಿಂದ 150 ಮೀಟರ್ ಕತ್ತರಿಸಿ ಕೊಟ್ಟು, ಅಳತೆ ‘ರೋಲ್’ ಎಂದೇ ಇರುವಾಗ 150 ಎಂದು ಬರೆದರೆ ದಾಸ್ತಾನಿನಲ್ಲಿ ನೂರೈವತ್ತು ಸುರುಳಿ ಮಾಯವಾಗುತ್ತದೆ. ಲ್ಯಾಟರಲ್‌ಗೆ ಮೀಟರ್ ಒಂದನ್ನೇ ಅಳತೆಯಾಗಿ ಇಟ್ಟುಕೊಳ್ಳುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಬಿತ್ತನೆ ಬೀಜಕ್ಕೆ ತೆರಿಗೆ ಇಲ್ಲ. ಜಿಎಸ್‌ಟಿ ನೋಂದಣಿ ಇಲ್ಲದ ರೈತರಿಗೆ ತೆರಿಗೆಯ ಸಾಮಾನನ್ನೂ ಬೀಜವನ್ನೂ ಒಂದೇ ಬಿಲ್ಲಿನಲ್ಲಿ ಕೊಡಬಹುದು, ಆದರೆ ಅದರ ತಲೆಬರಹ ‘ಇನ್ವಾಯ್ಸ್ ಕಮ್ ಬಿಲ್ ಆಫ್ ಸಪ್ಲೈ’ ಎಂದಿರಬೇಕು. ಇದನ್ನು ತಂತ್ರಾಂಶ ಮಾಡಿಕೊಟ್ಟವರಿಂದ ಒಮ್ಮೆ ಸರಿಪಡಿಸಿಕೊಂಡರೆ ಸಾಕು.

ಗ್ರಾಹಕರ ವಿವರ ಮೊದಲು, ಸಾಮಾನು ಆಮೇಲೆ ಎಂಬ ಕ್ರಮವನ್ನು ಕೈಪಿಡಿಯ ಆರಂಭದಲ್ಲೇ ದಪ್ಪಕ್ಷರದಲ್ಲಿ ಹಾಕಿ. ನಿಮ್ಮ ಜಿಲ್ಲೆಯ ಅಂಚಿಗೇ ಆಂಧ್ರವಿದೆ, ರಾಯದುರ್ಗದ ಕಡೆಯವರು ಸಾಮಾನಿಗೆ ಬಂದರೆ ಆಶ್ಚರ್ಯವಿಲ್ಲ. ನೋಂದಣಿ ಇಲ್ಲದ ಗ್ರಾಹಕರ ರಾಜ್ಯವನ್ನು ಬಿಲ್ಲಿನಲ್ಲಿ ನಮೂದಿಸಿದರೆ ಅದೇ ಪೂರೈಕೆಯ ಸ್ಥಳ, ಅಂದರೆ ತೆರಿಗೆಯ ಲೆಕ್ಕಕ್ಕೆ ಸಾಮಾನು ತಲುಪಿದ ರಾಜ್ಯ. ಅದು ಆಂಧ್ರವಾದರೆ ರಾಜ್ಯದೊಳಗಿನ ಮಾರಾಟದ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ ಬದಲು ಅಂತರರಾಜ್ಯ ಮಾರಾಟದ ಐಜಿಎಸ್‌ಟಿ ಬರಬೇಕು. ವಿಳಾಸವನ್ನು ಕೊನೆಯಲ್ಲಿ ಹಾಕಿದರೆ ಕೆಲವು ತಂತ್ರಾಂಶಗಳು ಮೇಲಿನ ಸಾಲುಗಳನ್ನು ಮರುಲೆಕ್ಕ ಮಾಡುವುದಿಲ್ಲ. ನಿಮ್ಮದು ಮಾಡುತ್ತದೆಯೇ ಎಂದು ಪರೀಕ್ಷಿಸಿ, ಉತ್ತರವನ್ನು ಕೈಪಿಡಿಯಲ್ಲಿ ಬರೆದಿಡಿ.

ತೆರಿಗೆ ದರ ಬದಲಾದಾಗ ಹಳೆಯ ದರವನ್ನು ಅಳಿಸಬಾರದು. ಯಾವ ದಿನಾಂಕದಿಂದ ಹೊಸದು ಎಂದು ನಮೂದಿಸಬೇಕು. 2025ರ ಆಗಸ್ಟಿನಲ್ಲಿ ಕೊಂಡ ಲ್ಯಾಟರಲ್ ಹಿಂತಿರುಗಿ ಬಂದಿದ್ದರೆ ಅದರ ಕ್ರೆಡಿಟ್ ನೋಟ್ (ಹಳೆಯ ಬಿಲ್ಲಿನ ಮೊತ್ತ ಕಡಿಮೆ ಮಾಡುವ ಚೀಟಿ) ಶೇ 12ರ ಲೆಕ್ಕದಲ್ಲೇ ಆಗಬೇಕಿತ್ತು.

ಬರೆದಾದ ಮೇಲೆ ತಂತ್ರಾಂಶವನ್ನು ಮುಟ್ಟಿಯೇ ಇಲ್ಲದ ಹುಡುಗನೊಬ್ಬನ ಕೈಗೆ ಕೊಟ್ಟು, ಪಕ್ಕದಲ್ಲಿ ಸುಮ್ಮನೆ ಕುಳಿತುಕೊಳ್ಳಿ. ಅವನು ಎಲ್ಲಿ ನಿಮ್ಮ ಮುಖ ನೋಡುತ್ತಾನೋ ಅಲ್ಲಿ ಕೈಪಿಡಿಯಲ್ಲಿ ಒಂದು ವಾಕ್ಯ ಕಡಿಮೆ ಇದೆ ಎಂದು ತಿಳಿಯಿರಿ. ಎಚ್‌ಎಸ್‌ಎನ್ ಮತ್ತು ದರಗಳ ಪಟ್ಟಿಯನ್ನು ಮಾತ್ರ ನಿಮ್ಮ ಆಡಿಟರ್ ಒಮ್ಮೆ ನೋಡಿ ಸಹಿ ಹಾಕಲಿ. ಗ್ರಾಹಕರ ಹೆಸರು, ಮೊಬೈಲ್ ಸಂಖ್ಯೆ ಮರೆಮಾಡಿ ಒಂದು ಬಿಲ್ಲಿನ ಚಿತ್ರವನ್ನು ಇಲ್ಲಿ ಹಾಕಿದರೆ ಸಾಲುಗಳನ್ನು ನಾನೂ ನೋಡಿ ಹೇಳುತ್ತೇನೆ.