ಗುಂಡಿ ಇತ್ತು ಅಂದರೆ ಸಾಲದು ಮಾರಾಯ

ಇಂಗ್ಲೆಂಡಿನ ಲೆಸ್ಟರ್‌ಗೆ ಬಂದು ಮೂರು ತಿಂಗಳಾಯಿತು, ಹಳೇ ಫಿಯೆಸ್ಟಾ ಕಾರೊಂದನ್ನು ಕೊಂಡಿದ್ದೀಯ, ಸಂತೋಷ. ಆಫೀಸಿನಲ್ಲಿ ಯಾರೋ "ಇಲ್ಲಿ ರಸ್ತೆ ಗುಂಡಿಗೆ ಬಿದ್ದು ಕಾರು ಹಾಳಾದರೆ ಕೌನ್ಸಿಲ್ ದುಡ್ಡು ಕೊಡುತ್ತೆ" ಅಂದರಂತೆ. (ಕೌನ್ಸಿಲ್ ಅಂದರೆ ನಮ್ಮ ಪಾಲಿಕೆ ಇದ್ದಹಾಗೆ.) "ನಿಜವಾ ಅಕ್ಕಾ? ಗುಂಡಿಯಿಂದ ಆಕ್ಸಿಡೆಂಟೇ ಆಗಿಬಿಟ್ಟರೆ ಯಾರ ತಲೆಗೆ ಬರುತ್ತೆ?" ಅಂತ ಕೇಳಿದ್ದೀಯ.

ಕೊಡುತ್ತಾರೆ. ಆದರೆ ಸುಮ್ನೆ ಕೊಡುವುದಿಲ್ಲ.

ನನ್ನದೇ ಕಥೆ ಕೇಳು. ಏಳು ವರ್ಷದ ಹಿಂದೆ, ನವೆಂಬರ್. ನಾಲ್ಕೂವರೆಗೇ ಕತ್ತಲು, ಜಿಟಿಜಿಟಿ ಮಳೆ. ಮಗಳನ್ನು ಈಜು ಕ್ಲಾಸಿನಿಂದ ಕರೆದುಕೊಂಡು ಬರುತ್ತಿದ್ದೆ. ಮುಂದೆ ಒಂದಷ್ಟು ನೀರು ನಿಂತಿತ್ತು, ಅಷ್ಟೇ ಕಂಡಿದ್ದು. ಎಡಗಡೆಯ ಮುಂದಿನ ಚಕ್ರ ಅದರೊಳಗೆ ಇಳಿಯಿತು. ತುಂಬಿದ ಕುಕ್ಕರ್ ಕೈಜಾರಿ ನೆಲಕ್ಕೆ ಬಿದ್ದಂಥ ಸದ್ದು. ಟೈರಿನ ಪಕ್ಕ ಹರಿದಿತ್ತು, ಅಲಾಯ್ ವೀಲ್ ಸೀಳಿತ್ತು. ಮಾರನೇ ದಿನ ಟೈರ್ ಅಂಗಡಿಯವನು ಚಕ್ರ ನೋಡಿ, ನಾನು ಬಾಯಿ ಬಿಡುವ ಮೊದಲೇ ಆ ರಸ್ತೆಯ ಹೆಸರು ಹೇಳಿದ. ಆ ವಾರ ನಾನು ನಾಲ್ಕನೆಯವಳಂತೆ.

ಮಳೆ ನಿಂತ ಮೇಲೆ ಮಗಳ ಸ್ಕೂಲ್ ಸ್ಕೇಲ್ ಹಿಡಿದು ವಾಪಸ್ ಹೋದೆ. ಸ್ಕೇಲನ್ನು ಗುಂಡಿಯೊಳಗೆ ನಿಲ್ಲಿಸಿ ಫೋಟೋ ತೆಗೆದೆ. ಒಂಬತ್ತು ಸೆಂಟಿಮೀಟರ್ ಆಳ. ಬಿಲ್ಲು 240 ಪೌಂಡ್. ಕೌನ್ಸಿಲ್‌ನ ಫಾರ್ಮ್ ತುಂಬಿ ಕಳಿಸಿದೆ. ಎರಡು ತಿಂಗಳಾದ ಮೇಲೆ ಬಹಳ ವಿನಯದ ಪತ್ರ ಬಂತು: ತೊಂದರೆಗೆ ವಿಷಾದವಿದೆ, 58ನೇ ಸೆಕ್ಷನ್ ಪ್ರಕಾರ ನಾವು ಹೊಣೆಯಲ್ಲ.

ಆ 58 ಏನು ಅಂತ ಸಿಟ್ಟಿನಿಂದಲೇ ಕೂತು ಓದಿದೆ. ಇಂಗ್ಲೆಂಡ್ ಮತ್ತು ವೇಲ್ಸ್‌ಗೆ 1980ರ ಹೈವೇಸ್ ಆಕ್ಟ್ ಇದೆ. ಅದರ 41ನೇ ಸೆಕ್ಷನ್, ರಸ್ತೆಯನ್ನು ಸರಿಯಾಗಿ ಇಡುವುದು ಕೌನ್ಸಿಲ್‌ನ ಕರ್ತವ್ಯ ಅನ್ನುತ್ತದೆ. (ಇದೂ ಮೊದಲಿನಿಂದ ಇದ್ದದ್ದಲ್ಲ. 1961ರ ಕಾನೂನು ಬರುವ ತನಕ, ರಿಪೇರಿ ಮಾಡದೆ ಬಿಟ್ಟಿದ್ದಕ್ಕೆ ಇಲ್ಲಿನ ಕೌನ್ಸಿಲ್‌ಗಳ ಮೇಲೆ ಕೇಸೇ ನಿಲ್ಲುತ್ತಿರಲಿಲ್ಲ!) 58ನೇ ಸೆಕ್ಷನ್ ಕೌನ್ಸಿಲ್‌ನ ಕೈಗೆ ಗುರಾಣಿ ಕೊಡುತ್ತದೆ. ನಾವು ಆ ರಸ್ತೆಗೆ ತಕ್ಕಂತೆ ಆಗಾಗ ಹೋಗಿ ನೋಡುತ್ತಿದ್ದೆವು, ಗೊತ್ತಾದದ್ದನ್ನು ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದೆವು, ಈ ಗುಂಡಿ ನಮಗೆ ಗೊತ್ತಾಗಲು ಅವಕಾಶವೇ ಇರಲಿಲ್ಲ ಅಂತ ತೋರಿಸಿದರೆ ಅವರು ಪಾರು. ಅದನ್ನು ತೋರಿಸುವ ಭಾರ ಮಾತ್ರ ಅವರದ್ದೇ. ಇದು ನೆನಪಿರಲಿ, ಇಡೀ ಆಟ ಇಲ್ಲೇ ಇರುವುದು. ಗುಂಡಿ ಎಷ್ಟು ದೊಡ್ಡದು ಅನ್ನುವುದಕ್ಕಿಂತ ಅದು ಅವರಿಗೆ ಯಾವಾಗ ಗೊತ್ತಾಯಿತು ಅನ್ನುವ ಪ್ರಶ್ನೆಯೇ ಜಾಸ್ತಿ ದುಡ್ಡಿನದು.

ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದೆ. ನಮ್ಮ ಊರಿನ ಆರ್‌ಟಿಐ ಇದ್ದಹಾಗೆ ಇಲ್ಲೂ ಒಂದಿದೆ, ಶುಲ್ಕ ಇಲ್ಲ, 20 ಕೆಲಸದ ದಿನಗಳಲ್ಲಿ ಉತ್ತರ ಕೊಡಬೇಕು. ಆ ರಸ್ತೆಯ ತಪಾಸಣೆಯ ದಾಖಲೆ, ಒಂದು ವರ್ಷದ ದೂರುಗಳು, ರಿಪೇರಿ ತಾರೀಕು, ಎಲ್ಲಾ ಕೇಳಿದೆ. ಬಂದ ಹಾಳೆಗಳ ನಡುವೆ ಒಂದು ಸಾಲು: ನನ್ನ ಟೈರ್ ಹರಿಯುವುದಕ್ಕೆ ಐದು ವಾರ ಮೊದಲೇ ಯಾರೋ ಪುಣ್ಯಾತ್ಮರು ಅದೇ ಗುಂಡಿಯ ಬಗ್ಗೆ ದೂರು ಕೊಟ್ಟಿದ್ದರು. ಪಕ್ಕದ ರಿಪೇರಿ ಕಾಲಂ ಖಾಲಿ. ಆ ಸಾಲಿನ ಕೆಳಗೆ ಗೆರೆ ಎಳೆದು ಪತ್ರದ ಜೊತೆ ಕಳಿಸಿದೆ. ಮೂರು ವಾರದಲ್ಲಿ 210 ಪೌಂಡ್ ಬಂತು. ಟೈರ್ ಅರ್ಧ ಸವೆದಿತ್ತು ಅಂತ 30 ಹಿಡಿದುಕೊಂಡರು. ಅಲ್ಲೂ ಬಿಡಲಿಲ್ಲ ನೋಡು.

"ಬಜೆಟ್ ಇಲ್ಲ" ಅನ್ನುವ ಮಾತಿಗೆ ಮಾತ್ರ ಮಣಿಯಬೇಡ. ಯಾರ್ಕ್‌ನಲ್ಲಿ ಸೈಕಲ್‌ನಲ್ಲಿ ಹೋಗುತ್ತಿದ್ದ ಒಬ್ಬರು ಗುಂಡಿಗೆ ಬಿದ್ದರು. ಆ ರಸ್ತೆಯನ್ನು ಕೌನ್ಸಿಲ್ ವರ್ಷಕ್ಕೊಮ್ಮೆ ಮಾತ್ರ ನೋಡುತ್ತಿತ್ತು. 58ನೇ ಸೆಕ್ಷನ್‌ನ ಗುರಾಣಿ ಹಿಡಿಯಲು ದುಡ್ಡಿನ ಕೊರತೆಯ ನೆಪ ಹೇಳುವಂತಿಲ್ಲ ಅಂತ 2011ರಲ್ಲಿ ಕೋರ್ಟ್ ಆಫ್ ಅಪೀಲ್ ಹೇಳಿತು.

ಈಗ ನಿನ್ನ ಎರಡನೇ ಪ್ರಶ್ನೆ. ಇಲ್ಲಿ ಆಫೀಸಿನವರ ಮಾತು ನಂಬಿ ಕೂರಬೇಡ. ಗುಂಡಿ ತಪ್ಪಿಸಲು ಹೋಗಿ ಎದುರಿನ ಕಾರಿಗೆ ಗುದ್ದಿದೆ ಅಂದುಕೋ. ಆ ಕಾರಿನವರಿಗೆ ನಿನ್ನ ಕೌನ್ಸಿಲ್ ಜಗಳ ಸಂಬಂಧವಿಲ್ಲ. ಅವರ ಕ್ಲೇಮು ನೇರ ನಿನ್ನ ಇನ್ಶೂರೆನ್ಸ್ ಮೇಲೆ ಬರುತ್ತದೆ, ನಿನ್ನ ನೋ ಕ್ಲೇಮ್ಸ್ ಬೋನಸ್ ಹೋಗುತ್ತದೆ. ರಸ್ತೆ ನೋಡಿ, ಅದಕ್ಕೆ ತಕ್ಕ ವೇಗದಲ್ಲಿ ಓಡಿಸುವುದು ನಿನ್ನ ಜವಾಬ್ದಾರಿ ಅನ್ನುತ್ತಾರೆ. ಕೌನ್ಸಿಲ್‌ನ ತಪ್ಪು ಸಾಬೀತಾದರೂ ಹೊಣೆ ಹಂಚಿಹೋಗುತ್ತದೆ. 1968ರ ಒಂದು ಹಳೇ ಕೇಸಿದೆ. ಚರಂಡಿ ಕಟ್ಟಿ ರಸ್ತೆಯಲ್ಲಿ ನೀರು ನಿಂತು ಕಾರು ಜಾರಿತ್ತು. ಕೌನ್ಸಿಲ್‌ಗೆ ಮೂರರಲ್ಲಿ ಒಂದು ಪಾಲು, ಉಳಿದ ಎರಡು ಪಾಲು ಚಾಲಕನ ತಲೆಗೆ. ಇನ್ನೂ ತಮಾಷೆ ಕೇಳು: ಜಾರಿ ಹೋಗಿ ಲೈಟ್ ಕಂಬಕ್ಕೆ ಗುದ್ದಿದರೆ ಕಂಬದ ಬಿಲ್ಲನ್ನು ಕೌನ್ಸಿಲ್ ನಿನಗೇ ಕಳಿಸುತ್ತದೆ.

ಚಳಿಗಾಲದ ಮಂಜುಗಡ್ಡೆಯ ಲೆಕ್ಕ ಬೇರೆ. 1991ರ ನವೆಂಬರ್‌ನಲ್ಲಿ ಈಸ್ಟ್ ಸಸೆಕ್ಸ್‌ನಲ್ಲಿ ಒಬ್ಬರ ಕಾರು ರಸ್ತೆಯ ಮೇಲಿನ ಕಾಣದ ಮಂಜುಗಡ್ಡೆಯಲ್ಲಿ ಜಾರಿ ಸೇತುವೆಗೆ ಹೊಡೆಯಿತು. ಮೈ ಸ್ವಾಧೀನವೇ ಹೋಯಿತು. 2000ದಲ್ಲಿ ಹೌಸ್ ಆಫ್ ಲಾರ್ಡ್ಸ್ (ಆಗ ಇಲ್ಲಿನ ಅತಿ ದೊಡ್ಡ ಕೋರ್ಟ್ ಅದೇ), ರಸ್ತೆ "ನಿರ್ವಹಣೆ" ಅಂದರೆ ಅದರಲ್ಲಿ ಮಂಜುಗಡ್ಡೆ ತೆಗೆಯುವುದು ಬರುವುದಿಲ್ಲ ಅಂತ ಅವರ ಕೇಸನ್ನು ತಳ್ಳಿಹಾಕಿತು. ನನಗಂತೂ ಆ ತೀರ್ಪು ಓದಿದಾಗ ಹೊಟ್ಟೆ ಉರಿಯಿತು. ಆಮೇಲೆ 2003ರಲ್ಲಿ ಕಾನೂನಿಗೇ ತಿದ್ದುಪಡಿ ತಂದರು. ಈಗ ಹಿಮ, ಮಂಜುಗಡ್ಡೆಯಿಂದ ಅಪಾಯವಾಗದ ಹಾಗೆ ಆದಷ್ಟು ಮಟ್ಟಿಗೆ ನೋಡಿಕೊಳ್ಳಬೇಕು. "ಆದಷ್ಟು" ಅನ್ನುವ ಆ ಪದದಲ್ಲಿ ಬೇಕಾದಷ್ಟು ಜಾಗ ಇದೆ. ಮಂಜುಗಡ್ಡೆ ಕರಗಲಿ ಅಂತ ಎಲ್ಲಾ ಗಲ್ಲಿಗೂ ಉಪ್ಪು ಹಾಕುವುದಿಲ್ಲ, ಮುಖ್ಯ ರಸ್ತೆಗಳಿಗೆ ಮೊದಲು. ನಿನ್ನ ಮನೆಯ ಹಿಂದಿನ ಇಳಿಜಾರಿನಲ್ಲಿ ಜನವರಿಯಲ್ಲಿ ಜಾರಿದರೆ ಯಾರನ್ನೂ ನೆಚ್ಚಿಕೊಳ್ಳಬೇಡ.

ರಸ್ತೆ ಯಾರದು ಅಂತಲೂ ನೋಡಬೇಕು. ಮೋಟಾರ್‌ವೇ, "ಎ" ನಂಬರಿನ ದೊಡ್ಡ ರಸ್ತೆಗಳು ನ್ಯಾಷನಲ್ ಹೈವೇಸ್ ಅನ್ನುವ ಸರ್ಕಾರಿ ಸಂಸ್ಥೆಯದು, ಉಳಿದವು ಕೌನ್ಸಿಲ್‌ನದು. ನೀರಿನ ಕಂಪನಿ ಅಗೆದು ಸರಿಯಾಗಿ ಮುಚ್ಚದೆ ಹೋದ ಗುಂಡಿಯಾದರೆ ಆ ಕಂಪನಿಯ ಬೆನ್ನು ಹತ್ತಬೇಕು. ಕಾರಿನ ನಷ್ಟಕ್ಕೆ ಆರು ವರ್ಷ, ಮೈಗೆ ಪೆಟ್ಟಾದರೆ ಮೂರು ವರ್ಷದೊಳಗೆ ಕೇಸು ಹಾಕಬೇಕು. ಆದರೆ ಫೋಟೋಗೆ ಅಷ್ಟು ಸಮಯ ಇಲ್ಲ. ನೀನು ದೂರು ಕೊಟ್ಟ ಮಾರನೇ ದಿನವೇ ಬಂದು ಮುಚ್ಚಿಬಿಡಬಹುದು. ಮೋಟಾರ್‌ವೇಯಲ್ಲಿ ಮಾತ್ರ ಫೋಟೋಗೋಸ್ಕರ ಇಳಿಯಬೇಡ, ಕೈ ಮುಗಿಯುತ್ತೇನೆ.

ಊರಿನ ಜೊತೆ ಹೋಲಿಸಿ ನಗಬೇಡ. ಗುಂಡಿಯಿಂದ ಅಪಘಾತವಾದವರಿಗೆ ಪರಿಹಾರ ಕೊಡಬೇಕು ಅಂತ 2019ರಲ್ಲೇ ಕರ್ನಾಟಕ ಹೈಕೋರ್ಟ್ ಬೆಂಗಳೂರಿನ ಆಗಿನ ಪಾಲಿಕೆ ಬಿಬಿಎಂಪಿಗೆ ಹೇಳಿದೆ. ಅದೇ ವರ್ಷ ಮೋಟಾರು ವಾಹನ ಕಾಯ್ದೆಗೆ 198ಎ ಸೇರಿಸಿ, ಕೆಟ್ಟ ರಸ್ತೆಯಿಂದ ಸಾವು ಅಥವಾ ಅಂಗವೈಕಲ್ಯವಾದರೆ ಗುತ್ತಿಗೆದಾರರಿಗೂ ಒಂದು ಲಕ್ಷದವರೆಗೆ ದಂಡ ಅಂದಿದ್ದಾರೆ. ಕಾಗದ ಎರಡೂ ಕಡೆ ಇದೆ. ಇಲ್ಲಿ ಕಾಗದ ಕೇಳಿದರೆ ಕೈಗೆ ಬರುತ್ತದೆ, ನಾನು ಕಂಡ ವ್ಯತ್ಯಾಸ ಇಷ್ಟೇ.

ನೀನು ಬರೆದ ಆ ರೌಂಡ್‌ಅಬೌಟ್ ಹತ್ತಿರದ ಗುಂಡಿಯನ್ನು ಇವತ್ತೇ ಫಿಕ್ಸ್‌ಮೈಸ್ಟ್ರೀಟ್ ಅನ್ನುವ ರಸ್ತೆ ದೂರಿನ ವೆಬ್‌ಸೈಟ್‌ನಲ್ಲಿ ಹಾಕು, ಎರಡು ನಿಮಿಷದ ಕೆಲಸ. ಇನ್ನೊಂದು, ಹಳೇ ಕಾರು ಅಂದೆಯಲ್ಲ, ಟೈರ್ ನೋಡಿಕೊಂಡೆಯಾ? 20 ಪೆನ್ಸ್ ನಾಣ್ಯವನ್ನು ಟೈರಿನ ಗೆರೆಯಲ್ಲಿ ನಿಲ್ಲಿಸು. ನಾಣ್ಯದ ಅಂಚಿನ ಪಟ್ಟಿ ಹೊರಗೆ ಕಂಡರೆ, ಕಾನೂನಿನ 1.6 ಮಿಲಿಮೀಟರ್‌ಗಿಂತ ಸವೆದಿರಬಹುದು. ಅಂಥ ಟೈರ್‌ನಲ್ಲಿ ಗುಂಡಿಯ ಕ್ಲೇಮ್ ಹಾಕಿದರೆ ಅವರು ಮೊದಲು ಕೇಳುವುದೇ ಅದನ್ನು.